ಸೇವಾಸಂಸ್ಥೆಯ ವೆಬ್‌ಸೈಟ್ ಯಾರಿಗಾಗಿ?

ನಮ್ಮ ಜಿಲ್ಲಾ ಕೇಂದ್ರಗಳಲ್ಲಿ, ತಾಲ್ಲೂಕು ಪಟ್ಟಣಗಳಲ್ಲಿ ವರ್ಷಾನುಗಟ್ಟಲೆಯಿಂದ ಸದ್ದಿಲ್ಲದೆ ಕೆಲಸ ಮಾಡುತ್ತ ಬಂದ ಸೇವಾಸಂಸ್ಥೆಗಳಿವೆ. ಹಾಸಿಗೆ ಹಿಡಿದವರ ಮನೆಗೇ ಹೋಗಿ ಆರೈಕೆ ಮಾಡುವವರು, ಗಾಲಿಕುರ್ಚಿ, ಏರ್‌ಬೆಡ್ ಎರವಲು ಕೊಡುವವರು, ವಿಶೇಷ ಮಕ್ಕಳ ಶಾಲೆ ನಡೆಸುವವರು, ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದ ಹೆಣ್ಣುಮಕ್ಕಳಿಗೆ ಆಸರೆಯಾದವರು. ಇಂಥ ಸಂಸ್ಥೆಯ ಟ್ರಸ್ಟಿಗಳ ಸಭೆಯಲ್ಲಿ ‘ವೆಬ್‌ಸೈಟ್ ಹಳೆಯದಾಯಿತು, ಹೊಸದು ಮಾಡಿಸೋಣ’ ಎಂಬ ವಿಷಯ ಬಂದರೆ, ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ‘ವೆಬ್‌ಸೈಟ್ ಎಂದರೆ ಸಂಸ್ಥೆಯ ಮುಖ. ದಾನಿಗಳು ಮೊದಲು ನೋಡುವುದೇ ಅದನ್ನು.’ ಅಲ್ಲಿಗೆ ಎಲ್ಲರೂ ತಲೆಯಾಡಿಸುತ್ತಾರೆ. ಡಿಸೈನರ್‌ಗೆ ಹೋಗುವ ಸೂಚನೆಗಳೆಲ್ಲ ಆ ಒಂದು ಮಾತಿನಿಂದಲೇ ಹುಟ್ಟುತ್ತವೆ.

ಈ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಸ್ಥಳೀಯ ಸೇವಾಸಂಸ್ಥೆಯ ವೆಬ್‌ಸೈಟಿಗೆ ಮೊದಲ ಓದುಗರು ಕಷ್ಟದಲ್ಲಿರುವವರು ಮತ್ತು ಅವರನ್ನು ಕೈಹಿಡಿದು ಕರೆತರುವವರು. ದಾನಿಗಳ ಸರದಿ ಅವರ ನಂತರ. ಈ ಕ್ರಮ ತಲೆಕೆಳಗಾದರೆ ಎಷ್ಟು ದುಡ್ಡು ಸುರಿದು ಹೊಸದು ಮಾಡಿದರೂ ಕೆಲಸಕ್ಕೆ ಬಾರದ ವೆಬ್‌ಸೈಟೇ ಮತ್ತೊಮ್ಮೆ ತಯಾರಾಗುತ್ತದೆ.

ಈಗ ಸಾಮಾನ್ಯವಾಗಿ ಕಾಣುವ ವೆಬ್‌ಸೈಟುಗಳನ್ನೇ ನೋಡಿ. ತೆರೆದ ಕೂಡಲೇ ಪರದೆ ತುಂಬ ಒಂದು ಫೋಟೊ. ಮೂರು ಸೆಕೆಂಡಿಗೆ ಅದು ಸರಿದು ಇನ್ನೊಂದು ಬರುತ್ತದೆ: ಮಗುವಿನ ಮುಖ, ದೀಪ ಬೆಳಗುತ್ತಿರುವ ಗಣ್ಯರು, ಚೆಕ್ ಹಸ್ತಾಂತರ. ಮೇಲೆ ಇಂಗ್ಲಿಷಿನಲ್ಲಿ ದೊಡ್ಡ ದೊಡ್ಡ ಮಾತು, ಬಲಗಡೆ ದೇಣಿಗೆಯ ಕೇಸರಿ ಗುಂಡಿ. ಕೆಳಗೆ ಸಂಸ್ಥೆಯ ಧ್ಯೇಯ, ಅಧ್ಯಕ್ಷರ ಸಂದೇಶ, ಓಡುವ ಅಂಕಿಗಳು, ಪ್ರಶಸ್ತಿಗಳ ಸಾಲು. ಫೋನ್ ನಂಬರ್ ಎಲ್ಲಕ್ಕಿಂತ ಕೆಳಗೆ, ಬೂದು ಹಿನ್ನೆಲೆಯಲ್ಲಿ ತೆಳು ಬೂದು ಅಕ್ಷರದಲ್ಲಿ. ಕೆಲವು ಕಡೆ ನಂಬರ್ ಕೂಡ ಒಂದು ಚಿತ್ರ. ಬೆರಳು ಒತ್ತಿದರೆ ಕರೆ ಹೋಗುವುದಿಲ್ಲ.

ಈ ಪುಟವನ್ನು ಶನಿವಾರ ಮಧ್ಯಾಹ್ನ ಜಿಲ್ಲಾಸ್ಪತ್ರೆಯ ವರಾಂಡದಲ್ಲಿ ನಿಂತ ಒಬ್ಬ ಮಗಳು ತೆರೆದಿದ್ದಾಳೆ ಎಂದುಕೊಳ್ಳಿ. ಪಾರ್ಶ್ವವಾಯು ಹೊಡೆದ ಅಪ್ಪನಿಗೆ ಡಿಸ್ಚಾರ್ಜ್ ಬರೆದಾಗಿದೆ. ಬೆನ್ನಿಗೆ ಹುಣ್ಣಾಗದಂತೆ ಏರ್‌ಬೆಡ್ ಹಾಕಿ ಎಂದು ನರ್ಸ್ ಹೇಳಿ ಹೋಗಿದ್ದಾರೆ. ಈ ಸಂಸ್ಥೆ ಏರ್‌ಬೆಡ್ ಕೊಡುತ್ತದೆಯೇ, ದುಡ್ಡು ಕಟ್ಟಬೇಕೇ, ಯಾವ ಕಾಗದ ತರಬೇಕು, ಇವತ್ತು ಸಂಜೆಯೊಳಗೆ ಸಿಗುತ್ತದೆಯೇ? ಆಕೆಗೆ ಬೇಕಾದದ್ದು ಇಷ್ಟು. ಸಂಸ್ಥೆಯ ಗೋದಾಮಿನಲ್ಲಿ ಏರ್‌ಬೆಡ್ ಇದೆ. ಕೊಡಲು ಸಿಬ್ಬಂದಿಯೂ ಸಿದ್ಧರಿದ್ದಾರೆ. ಆ ಮಗಳಿಗೂ ಸಂಸ್ಥೆಗೂ ನಡುವೆ ವೆಬ್‌ಸೈಟೇ ಅಡ್ಡ ನಿಂತಿದೆ.

‘ನಮ್ಮಲ್ಲಿಗೆ ಬರುವ ಬಡವರು ವೆಬ್‌ಸೈಟ್ ನೋಡುವುದಿಲ್ಲ, ಅವರು ಬಾಯಿಮಾತಿನಿಂದ ಬರುತ್ತಾರೆ’ ಎಂಬ ಆಕ್ಷೇಪ ತಕ್ಷಣ ಏಳುತ್ತದೆ. ಇದರಲ್ಲಿ ಅರ್ಧ ಸತ್ಯವಿದೆ. ಎಂಬತ್ತರ ಅಜ್ಜಿ ಮೊಬೈಲಿನಲ್ಲಿ ಸಂಸ್ಥೆಯನ್ನು ಹುಡುಕುವುದಿಲ್ಲ, ನಿಜ. ಅವರ ಪರವಾಗಿ ಹುಡುಕುವವರು ಇದ್ದಾರೆ. ಪಿಯುಸಿ ಓದುವ ಮೊಮ್ಮಗ, ಊರಿನ ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಗ್ರಾಮ ಒನ್ ಕೇಂದ್ರದ ಆಪರೇಟರ್, ಆಸ್ಪತ್ರೆಯ ಸಮಾಜ ಕಾರ್ಯಕರ್ತರು, ಊರಿನಿಂದ ದೂರ ಬೆಂಗಳೂರಿನಲ್ಲೋ ದುಬೈಯಲ್ಲೋ ಕೆಲಸದಲ್ಲಿರುವ ಮಗ. ಬಾಯಿಮಾತು ಎಂದು ನಾವು ಕರೆಯುವುದು ಹೊರಡುವುದು ಇವರ ಬಾಯಿಂದಲೇ. ‘ಅಲ್ಲಿ ಹೋಗಿ ನೋಡಿ, ಕೊಡ್ತಾರಂತೆ’ ಎನ್ನುವ ಬದಲು ‘ಆಧಾರ್ ಪ್ರತಿ, ಡಿಸ್ಚಾರ್ಜ್ ಚೀಟಿ ತಗೊಂಡು ಹತ್ತು ಗಂಟೆಗೆ ಹೋಗಿ, ಸಿಗುತ್ತೆ’ ಎಂದು ಆಶಾ ಕಾರ್ಯಕರ್ತೆ ಖಚಿತವಾಗಿ ಹೇಳುವಂತಾದರೆ, ಕೂಲಿ ಬಿಟ್ಟು ಬಸ್ ಚಾರ್ಜ್ ಕೊಟ್ಟು ಬಂದ ಕುಟುಂಬ ಬರಿಗೈಲಿ ವಾಪಸು ಹೋಗುವುದು ತಪ್ಪುತ್ತದೆ.

ಆದ್ದರಿಂದ ಹೊಸ ವಿನ್ಯಾಸದ ಕೆಲಸ ಡಿಸೈನರ್ ಕಚೇರಿಯಲ್ಲಿ ಶುರುವಾಗಬಾರದು. ಸಂಸ್ಥೆಯ ಫೋನ್ ಇರುವ ಮೇಜಿನ ಬಳಿ ಶುರುವಾಗಬೇಕು. ಅಲ್ಲಿ ಕೂತು ಕರೆ ತೆಗೆದುಕೊಳ್ಳುವವರಿಗೆ ಜನ ಏನು ಕೇಳುತ್ತಾರೆ ಎಂಬುದು ಬಾಯಿಪಾಠವಾಗಿರುತ್ತದೆ. ಒಂದು ತಿಂಗಳ ಕರೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಪದೇ ಪದೇ ಬರುವ ಹತ್ತು ಪ್ರಶ್ನೆಗಳೇ ಮೊದಲ ಪುಟದ ವಿಷಯಸೂಚಿ. ಹಾಗೆ ಮಾಡಿದರೆ ಆ ಪುಟದ ಮೊದಲ ಸಾಲುಗಳು ಹೀಗೆ ಬಂದಾವು: ‘ಗಾಲಿಕುರ್ಚಿ, ವಾಕರ್, ಏರ್‌ಬೆಡ್ ಎರವಲು ಕೊಡುತ್ತೇವೆ. ಬಾಡಿಗೆ ಇಲ್ಲ, ಠೇವಣಿ ಇಲ್ಲ. ರೋಗಿಯ ಆಧಾರ್ ಪ್ರತಿ ಮತ್ತು ವೈದ್ಯರ ಚೀಟಿ ತನ್ನಿ. ಸೋಮವಾರದಿಂದ ಶನಿವಾರ, ಬೆಳಿಗ್ಗೆ 10ರಿಂದ ಸಂಜೆ 5. ಬಸ್ ನಿಲ್ದಾಣದಿಂದ ಐದು ನಿಮಿಷದ ದಾರಿ. ಹೊರಡುವ ಮುನ್ನ ಈ ನಂಬರಿಗೆ ಕರೆ ಮಾಡಿ.’ ಇದರಲ್ಲಿ ಅಲಂಕಾರವಿಲ್ಲ, ಆದರೆ ಆ ಮಗಳಿಗೆ ಬೇಕಾದದ್ದೆಲ್ಲ ಇದೆ.

ಏನು ಮಾಡುವುದಿಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಬರೆಯಬೇಕು. ಯಾವ ತಾಲ್ಲೂಕುಗಳಿಗೆ ಮಾತ್ರ ಮನೆಭೇಟಿ, ನಗದು ಸಹಾಯ ಉಂಟೇ ಇಲ್ಲವೇ, ರಾತ್ರಿ ಹೊತ್ತು ಕರೆ ತೆಗೆಯುತ್ತಾರೆಯೇ. ತಮ್ಮಿಂದ ಆಗದ ಕೆಲಸಕ್ಕೆ ಬೇರೆ ದಾರಿ ತೋರಿಸಬೇಕು: ಮಕ್ಕಳಿಗೆ 1098, ಮಹಿಳೆಯರಿಗೆ 181, ಹಿರಿಯರಿಗೆ 14567, ಮನಸ್ಸಿನ ಸಂಕಟಕ್ಕೆ 14416 ಸಂಖ್ಯೆಯ ಟೆಲಿಮನಸ್, ತುರ್ತಿಗೆ 112. ‘ಇಲ್ಲ’ ಎಂದು ಬರೆಯಲು ಸಂಸ್ಥೆಗಳು ಹಿಂಜರಿಯುತ್ತವೆ. ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ ಇಲ್ಲ ಎನ್ನುವುದಕ್ಕಿಂತ ಮೊದಲೇ ಹೇಳಿಬಿಡುವುದು ಹೆಚ್ಚು ಮರ್ಯಾದೆಯ ನಡವಳಿಕೆ.

ದಾನಿಗಳ ಪರವಾದ ವಾದವನ್ನು ನಾನು ಹಗುರವಾಗಿ ತಳ್ಳಿಹಾಕುತ್ತಿಲ್ಲ. ಹಣವಿಲ್ಲದೆ ಏರ್‌ಬೆಡ್ ಬರುವುದಿಲ್ಲ. ಒಬ್ಬ ವ್ಯಕ್ತಿಯ ಮುಖ, ಒಬ್ಬ ವ್ಯಕ್ತಿಯ ಕಥೆ ಜನರ ಕೈಯನ್ನು ಜೇಬಿಗೆ ಒಯ್ಯುತ್ತದೆ ಎಂಬುದಕ್ಕೆ ಪುರಾವೆಯೂ ಇದೆ. ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್, ಪಾಲ್ ಸ್ಲೊವಿಕ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲಕ್ಷಾಂತರ ಜನರ ಹಸಿವಿನ ಅಂಕಿಅಂಶ ಓದಿದವರಿಗಿಂತ ಮಾಲಿ ದೇಶದ ಒಬ್ಬಳೇ ಬಾಲಕಿಯ ಬಗ್ಗೆ ಓದಿದವರು ಹೆಚ್ಚು ಕೊಟ್ಟರು. ಡಿಸೈನರುಗಳು ಮಗುವಿನ ಮುಖ ಬೇಕೆಂದು ಹಟ ಹಿಡಿಯುವುದಕ್ಕೆ ಆಧಾರ ಇಂಥ ಅಧ್ಯಯನಗಳೇ.

ಆದರೆ ಆ ಪ್ರಯೋಗದಲ್ಲಿ ಕೊಟ್ಟವರು ಆ ಬಾಲಕಿಯನ್ನು ಎಂದೂ ಭೇಟಿಯಾಗದ ದೂರದ ಜನ. ನಮ್ಮ ಪಟ್ಟಣದ ಸಂಸ್ಥೆಯ ಸ್ಥಿತಿ ಬೇರೆ. ಇಲ್ಲಿ ಫೋಟೊದಲ್ಲಿರುವ ಹುಡುಗಿ ಓದುವ ಶಾಲೆ ಯಾವುದು ಎಂದು ನೋಡುವವರಿಗೆ ಗೊತ್ತು. ಕಿಟ್ ಕೈಯಲ್ಲಿ ಹಿಡಿದು ನಿಂತ ಅಜ್ಜನ ಮನೆ ಯಾವ ಬೀದಿಯಲ್ಲಿದೆ ಎಂದೂ ಗೊತ್ತು. ಇಂಥ ಕಡೆ ಮುಖ ತೋರಿಸುವುದೆಂದರೆ ಮಾನ ಹರಾಜಿಗಿಟ್ಟಂತೆ. ಸಹಿ ಹಾಕಿಸಿಕೊಂಡಿದ್ದೇವೆ ಎನ್ನುವುದು ಸಮಾಧಾನವಾಗದು. ಸಹಾಯ ಪಡೆಯುವ ಹೊತ್ತಿನಲ್ಲಿ ‘ಫೋಟೊ ಬೇಡ’ ಎನ್ನುವ ಧೈರ್ಯ ಎಷ್ಟು ಜನರಿಗಿರುತ್ತದೆ? ಮಕ್ಕಳ ವಿಷಯದಲ್ಲಂತೂ ಇದು ಕಾನೂನಿನ ಪ್ರಶ್ನೆ. ಬಾಲನ್ಯಾಯ ಕಾಯ್ದೆ, 2015ರ 74ನೇ ಸೆಕ್ಷನ್ ಪಾಲನೆ ಮತ್ತು ರಕ್ಷಣೆ ಬೇಕಾದ ಮಕ್ಕಳ ಗುರುತು ಬಯಲು ಮಾಡುವ ಹೆಸರು, ವಿಳಾಸ, ಶಾಲೆ, ಚಿತ್ರಗಳ ಪ್ರಕಟಣೆಗೆ ತಡೆ ಹಾಕಿದೆ. ಮೀರಿದರೆ 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ದಾನಿಗಳು ನಿಜವಾಗಿ ಏನನ್ನು ನೋಡುತ್ತಾರೆ ಎಂದೂ ಕೇಳಿಕೊಳ್ಳಬೇಕು. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣ 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ನಿನ ಪ್ರಕಾರ ಬರುವಂಥದ್ದು. ಕಂಪನಿಗಳು ಕೇಳುವುದು ಆದಾಯ ತೆರಿಗೆ ಕಾಯ್ದೆಯ ನೋಂದಣಿ, ಸಿಎಸ್‌ಆರ್-1 ಸಂಖ್ಯೆ, ಮೂರು ವರ್ಷದ ಆಡಿಟ್ ವರದಿ. ಊರಿನ ದಾನಿ ಸಂಸ್ಥೆಯನ್ನು ಕಣ್ಣಾರೆ ಕಂಡವನು. ಅವನಿಗೆ ಬೇಕಾದದ್ದು ಕ್ಯೂಆರ್ ಕೋಡ್, ರಸೀದಿ, ಮತ್ತು 2,000 ರೂಪಾಯಿ ದಾಟಿದ ನಗದು ದೇಣಿಗೆಗೆ ತೆರಿಗೆ ವಿನಾಯಿತಿ ಸಿಗದು ಎಂಬಂಥ ಉಪಯುಕ್ತ ಮಾಹಿತಿ. ಇವೆಲ್ಲ ಒಂದೇ ಅಚ್ಚುಕಟ್ಟಾದ ಪುಟದಲ್ಲಿ ಹಿಡಿಯುತ್ತವೆ. ಸರಿಯುವ ಫೋಟೊಗಳ ಸಾಲು ಯಾರನ್ನೂ ಹಿಡಿದು ನಿಲ್ಲಿಸುವುದಿಲ್ಲ. ಅಮೆರಿಕದ ನೋಟ್ರ ಡೇಮ್ ವಿಶ್ವವಿದ್ಯಾಲಯದ ವೆಬ್ ವಿಭಾಗದ ಎರಿಕ್ ರನ್ಯನ್ 2013ರಲ್ಲಿ ಲೆಕ್ಕ ಹಾಕಿದಾಗ, ಮೊದಲ ಪುಟಕ್ಕೆ ಬಂದವರಲ್ಲಿ ಅಂಥ ಸಾಲನ್ನು ಒತ್ತಿದವರು ಸುಮಾರು ಶೇ. 1 ಮಾತ್ರ, ಅವರಲ್ಲೂ ಬಹುಪಾಲು ಮಂದಿ ಒತ್ತಿದ್ದು ಮೊದಲ ಚಿತ್ರವನ್ನು. ನಮ್ಮ ಕಡೆಯ ವೆಬ್‌ಸೈಟುಗಳಲ್ಲೂ ಹೀಗೇ ಆದರೆ, ಉಳಿದ ಚಿತ್ರಗಳು ಬಡವರ ಮೊಬೈಲ್ ಡೇಟಾ ತಿಂದದ್ದೇ ಬಂತು.

ಎರಡನೆಯ ದೊಡ್ಡ ತಪ್ಪು ಭಾಷೆಯದು. ಇಂಗ್ಲಿಷಿನಲ್ಲಿ ಬರೆದು ಮೂಲೆಯಲ್ಲೊಂದು ಯಂತ್ರಾನುವಾದದ ಗುಂಡಿ ಇಟ್ಟರೆ ಕನ್ನಡದ ಕೆಲಸ ಮುಗಿಯಿತು ಎಂಬ ಭಾವನೆ ಬೇರೂರಿದೆ. ಬಾಗಲಕೋಟೆಯಲ್ಲೋ ಚಾಮರಾಜನಗರದಲ್ಲೋ ಕೆಲಸ ಮಾಡುವ ಸಂಸ್ಥೆ ಮೊದಲು ಕನ್ನಡದಲ್ಲಿ ಬರೆಯಬೇಕು. ಇಂಗ್ಲಿಷ್ ಆಮೇಲೆ ಬರಲಿ. ಕನ್ನಡ ಇರುವ ಕಡೆಯೂ ಇನ್ನೊಂದು ತೊಡಕಿದೆ. ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ್ದನ್ನು ವೆಬ್‌ಸೈಟಿಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಅದನ್ನು ಸರಿಪಡಿಸುವ ಬದಲು ಡಿಸೈನರ್ ಇಡೀ ಬರಹವನ್ನು ಚಿತ್ರ ಮಾಡಿ ಹಾಕಿಬಿಡುತ್ತಾನೆ. ನೋಡಲು ಚಂದ, ಆದರೆ ಹುಡುಕಿದರೆ ಗೂಗಲ್‌ಗೆ ಸಿಗುವುದಿಲ್ಲ, ವಾಟ್ಸ್‌ಆಪ್‌ನಲ್ಲಿ ನಾಲ್ಕು ಸಾಲು ನಕಲು ಮಾಡಿ ಕಳಿಸಲಾಗುವುದಿಲ್ಲ, ಕಣ್ಣು ಕಾಣದವರ ಫೋನು ಅದನ್ನು ಓದಿ ಹೇಳುವುದಿಲ್ಲ. ಯೂನಿಕೋಡಿನಲ್ಲಿ ಟೈಪ್ ಮಾಡಿದ ಸಾದಾ ಕನ್ನಡ ಈ ಮೂರೂ ಕೆಲಸ ಮಾಡುತ್ತದೆ, ಅದಕ್ಕೆ ಬಿಡಿಗಾಸೂ ಹೆಚ್ಚುವರಿ ಖರ್ಚಿಲ್ಲ.

ಕಣ್ಣು ಕಾಣದವರ ಮಾತು ಬಂದದ್ದರಿಂದ ಹೇಳುತ್ತೇನೆ: ಅಂಗವಿಕಲರ ಸೇವೆಯೇ ತಮ್ಮ ಧ್ಯೇಯ ಎಂದು ಬರೆದುಕೊಂಡ ವೆಬ್‌ಸೈಟನ್ನು ಅಂಗವಿಕಲರೇ ಬಳಸಲಾಗದಿದ್ದರೆ ಅದು ಸಣ್ಣ ಲೋಪವಲ್ಲ. ಡಿಜಿಟಲ್ ಸೌಲಭ್ಯಗಳು ಎಲ್ಲರಿಗೂ ಎಟುಕಬೇಕಾದದ್ದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿದೆ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಬಣ್ಣದ ಅಂತರವಿರಬೇಕು ಎಂಬ ಅಂತರರಾಷ್ಟ್ರೀಯ ಮಾನದಂಡವೂ ಇದೆ. ಬೂದು ಮೇಲಿನ ಬೂದು ನಂಬರ್ ಅಲ್ಲಿ ಪಾಸಾಗುವುದಿಲ್ಲ.

ಎಲ್ಲ ಸಂಸ್ಥೆಗೂ ಒಂದೇ ಅಚ್ಚು ಹೊಂದದು ಎಂಬುದೂ ನಿಜ. ಮಹಿಳೆಯರಿಗೆ ಆಸರೆ ಕೊಡುವ ಸಂಸ್ಥೆ ಆಶ್ರಯಧಾಮದ ವಿಳಾಸ ಹಾಕಬಾರದು, ನಕ್ಷೆಯನ್ನಂತೂ ಹಾಕಲೇಬಾರದು. ಅಂಥ ಪುಟದಲ್ಲಿ ಕರೆಯ ನಂಬರಿನ ಜೊತೆಗೆ, ಗಂಡ ಹತ್ತಿರ ಬಂದರೆ ಒಂದೇ ಒತ್ತಿಗೆ ಹವಾಮಾನದ ಪುಟಕ್ಕೋ ಸುದ್ದಿಯ ಪುಟಕ್ಕೋ ಹಾರಿಸುವ ಗುಂಡಿ ಇರಬೇಕು. ಇದು ಹೊಳೆಯುವುದು ಅಲ್ಲಿಗೆ ಬರುವ ಹೆಣ್ಣನ್ನು ಮನಸ್ಸಿನಲ್ಲಿಟ್ಟುಕೊಂಡು ಕೂತವರಿಗೆ ಮಾತ್ರ. ದಾನಿಯ ಕಣ್ಣಿನಿಂದ ನೋಡಿದವರಿಗೆ ಅಂಥ ಗುಂಡಿಯ ಅಗತ್ಯವೇ ಕಾಣುವುದಿಲ್ಲ.

ಖರ್ಚಿನ ಮಾತೂ ಇದೆ. ನಲವತ್ತು ಪುಟದ ವೆಬ್‌ಸೈಟನ್ನು ಉದ್ಘಾಟನೆಯ ದಿನ ಎಲ್ಲರೂ ಹೊಗಳುತ್ತಾರೆ. ಆದರೆ ಅದನ್ನು ತಿದ್ದುವವರು ಸಂಸ್ಥೆಯಲ್ಲಿ ಯಾರೂ ಇರುವುದಿಲ್ಲ, ಒಂದು ನಂಬರ್ ಬದಲಿಸಲೂ ಡಿಸೈನರ್‌ಗೆ ಫೋನ್ ಮಾಡಬೇಕು. ಡೊಮೇನ್ ಕೂಡ ಅವನ ಹೆಸರಿನಲ್ಲೇ ಇದ್ದು, ಅವನು ಊರು ಬಿಟ್ಟ ವರ್ಷ ನವೀಕರಣ ತಪ್ಪಿದರೆ ಸಂಸ್ಥೆಯ ವಿಳಾಸವನ್ನು ಬೇರೆ ಯಾರೋ ಕೊಂಡುಬಿಡುತ್ತಾರೆ. ಏಳೆಂಟು ಪುಟ ಸಾಕು. ಡೊಮೇನ್ ಟ್ರಸ್ಟಿನ ಹೆಸರಿನಲ್ಲಿರಲಿ, ಪಾಸ್‌ವರ್ಡ್ ಇಬ್ಬರ ಬಳಿ ಇರಲಿ. ಫೋನ್ ತೆಗೆಯುವ ಸಿಬ್ಬಂದಿಯೇ ತಮ್ಮ ಮೊಬೈಲಿನಿಂದ ‘ಈ ವಾರ ಏರ್‌ಬೆಡ್ ಖಾಲಿ’ ಎಂದು ಬರೆಯುವಂತಿರಲಿ.

ಇಷ್ಟು ಮಾಡಿದ ಸಂಸ್ಥೆಗೆ ದಾನಿಗಳು ಕಡಿಮೆಯಾಗುವುದಿಲ್ಲ ಎಂಬುದು ನನ್ನ ನಂಬಿಕೆ. ಏರ್‌ಬೆಡ್ ಎಲ್ಲಿ ಸಿಗುತ್ತದೆ, ಯಾರಿಗೆ ಸಿಗುತ್ತದೆ, ಇವತ್ತು ಎಷ್ಟು ಉಳಿದಿದೆ ಎಂದು ಬರೆದಿಟ್ಟ ಪುಟವನ್ನು ಓದಿದ ದಾನಿಗೆ ತನ್ನ ಹಣ ಎಲ್ಲಿಗೆ ಹೋಗುತ್ತದೆ ಎಂದು ಬೇರೆ ವಿವರಿಸಬೇಕಾಗಿಲ್ಲ. ಹಾಗಾಗಿ ಟ್ರಸ್ಟಿಗಳಲ್ಲಿ ನನ್ನ ಕೋರಿಕೆ ಇಷ್ಟೆ. ಹೊಸ ವೆಬ್‌ಸೈಟಿಗೆ ಒಪ್ಪಿಗೆ ಕೊಡುವ ಮುನ್ನ ಅದನ್ನು ಸಭೆಯ ಪ್ರೊಜೆಕ್ಟರಿನಲ್ಲಿ ನೋಡಬೇಡಿ. ಒಬ್ಬ ಆಶಾ ಕಾರ್ಯಕರ್ತೆಯನ್ನು ಕರೆದು, ಅವರದೇ ಫೋನ್‌ನಲ್ಲಿ, ಅವರದೇ ನೆಟ್‌ವರ್ಕಿನಲ್ಲಿ ತೆರೆಯಲು ಹೇಳಿ. ‘ನಿಮ್ಮೂರಿನ ರೋಗಿಗೆ ಇಲ್ಲಿಂದ ಏನು ಸಿಗುತ್ತದೆ, ಏನೇನು ತರಬೇಕು?’ ಎಂದು ಕೇಳಿ. ಒಂದು ನಿಮಿಷದೊಳಗೆ ಅವರು ಉತ್ತರ ಹೇಳಿದರೆ ಬಿಲ್ಲಿಗೆ ಸಹಿ ಹಾಕಿ. ಇಲ್ಲವಾದರೆ, ಎಷ್ಟೇ ಚೆನ್ನಾಗಿ ಕಂಡರೂ, ವಾಪಸು ಕಳಿಸಿ.