ಕಾರಿನ ಮೈಬಣ್ಣ

ಪಂಚನಹಳ್ಳಿಯ ಬಿಸಿಲಲ್ಲಿ ಹೊಸ ಇನ್ನೋವಾ ನಿಂತಿದ್ದರೆ ಬಾಗಿಲ ಮೇಲೆ ತೆಂಗಿನ ಗರಿ ಗರಿಯೂ ಬಿಡಿಯಾಗಿ ಕಾಣುತ್ತದೆ. 1999ರ ಕೊನೆಯಲ್ಲಿ ಕ್ವಾಲಿಸ್‌ನಿಂದ ಕೆಲಸ ಶುರುಮಾಡಿದ ಬಿಡದಿಯ ಟೊಯೋಟಾ ಕಾರ್ಖಾನೆಯ ಗಾಡಿ ಅದು.

ಇಂಥ ಕಾರ್ಖಾನೆಗಳಲ್ಲಿ ಬರಿ ಉಕ್ಕಿನ ಮೈಯನ್ನು ತೊಳೆದು, ಫಾಸ್ಫೇಟ್ ಹಿಡಿಸಿ, ಇಡಿಯಾಗಿ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ಕರೆಂಟು ಹರಿದಾಗ ಪ್ರೈಮರ್ ಕಣಗಳು ಕೈ ಹೋಗದ ಒಳಮಡಿಕೆಗೂ ನುಗ್ಗಿ ಅಂಟುತ್ತವೆ. ತುಕ್ಕನ್ನು ತಡೆಯುವುದು ಮುಖ್ಯವಾಗಿ ಈ ಪದರ. ಯಾರೂ ನೋಡದ ಇದಕ್ಕೇ ನನ್ನ ಮೊದಲ ಮೆಚ್ಚುಗೆ. ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಪಾರದರ್ಶಕ ಕ್ಲಿಯರ್ ಕೋಟ್, ಆಮೇಲೆ ಸುಮಾರು 140 ಡಿಗ್ರಿ ಒಲೆ. ಎಲ್ಲ ಸೇರಿ ದಪ್ಪ 100 ಮೈಕ್ರಾನ್ ಆಸುಪಾಸು, ತಲೆಗೂದಲಿಗಿಂತ ತುಸು ಹೆಚ್ಚು ಅಷ್ಟೇ!

ಹುಳುಕು ಹುಡುಕುವವರು ಬಣ್ಣದ ಮೇಲೆ ಟ್ಯೂಬ್‌ಲೈಟಿನ ಬಿಂಬ ನೋಡಬೇಕು. ಅಂಚು ಅಲುಗಿದಂತಿದ್ದರೆ ಮೇಲ್ಮೈ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗಿದೆ ಎಂದರ್ಥ; ದುಬಾರಿ ಕಾರುಗಳೂ ಇದಕ್ಕೆ ಹೊರತಲ್ಲ. ಆದರೂ ಗ್ಯಾರೇಜಿನ ಮರುಬಣ್ಣಕ್ಕೆ ಒಲೆಯಲ್ಲಿ ಕಾದ ಕಾರ್ಖಾನೆ ಬಣ್ಣದ ಗಟ್ಟಿತನ ಬರುವುದು ಕಷ್ಟ. ರಬ್ಬರು, ವೈರು, ಪ್ಲಾಸ್ಟಿಕ್ ಕೂತ ಮೇಲೆ ಅಷ್ಟು ಕಾಯಿಸುವಂತಿಲ್ಲ.

ಈ ತೆಳು ಪದರ ಗೀರದೆ ಉಳಿಯಬೇಕಾದರೆ ನಮ್ಮ ಕಡೆಯ ಧೂಳನ್ನು ಒಣಬಟ್ಟೆಯಲ್ಲಿ ಉಜ್ಜಬೇಡಿ, ಮೊದಲು ನೀರು ಹಾಯಿಸಿ.