ದವಾಖಾನೆಯ ಸ್ಕ್ಯಾನರಿಗೂ ಒಂದು ತಪಾಸಣೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಸಣ್ಣ ಆಯುರ್ವೇದ, ಹೋಮಿಯೋಪಥಿ ದವಾಖಾನೆಗಳಲ್ಲಿ ಈಗ ‘ಎಷ್ಟಾತ್ರಿ?’ ಎಂಬ ಪ್ರಶ್ನೆಯ ಬೆನ್ನಿಗೇ ‘ಸ್ಕ್ಯಾನರ್ ಐತೇನ್ರಿ?’ ಎಂಬ ಇನ್ನೊಂದು ಪ್ರಶ್ನೆ ಬರುತ್ತದೆ. ಮೇಜಿನ ಮೇಲೆ, ಗೋಡೆಯ ಮೇಲೆ, ಕಂಪೌಂಡರ್ ಔಷಧ ಕೊಡುವ ಕಿಟಕಿಯ ಗಾಜಿನ ಮೇಲೆ ಅಂಟಿಸಿದ, ಫೋನಿನಿಂದ ರೊಕ್ಕ ಕೊಡುವ ಆ ಯುಪಿಐ ಚೀಟಿಯನ್ನು ಅನುಕೂಲವೆಂದು ಹೊಗಳಿದವರಿದ್ದಾರೆ, ತೆರಿಗೆಯ ಬಲೆಯೆಂದು ಬೈದವರೂ ಇದ್ದಾರೆ. ವೈದ್ಯವೃತ್ತಿಯ ಒಂದು ಭಾಗವಾಗಿ ಅದು ಹೇಗೆ ನಡೆದಿದೆ ಎಂದು ವಿಚಾರಿಸಿದವರು ಕಡಿಮೆ. ರೋಗಿಯ ಮುಂದೆ ಇಡುವ ಯಾವ ವಸ್ತುವನ್ನಾದರೂ ರೋಗಿ ಕೂತ ಕಡೆಯಿಂದ ನೋಡಬೇಕು. ಹಾಗೆ ನೋಡಿದಾಗ ನನಗೆ ಅನ್ನಿಸುವುದು ಇಷ್ಟು: ರೊಕ್ಕ ಸಾಗಿಸುವ ದಾರಿಯಾಗಿ ಇದಕ್ಕೆ ಸಾಟಿಯಿಲ್ಲ, ಆದರೆ ಕಿರಾಣಿ ಅಂಗಡಿಗೆ ಹೊಲಿದ ಅಂಗಿಯನ್ನು ಅಳತೆ ತೆಗೆಯದೆ ದವಾಖಾನೆಗೆ ತೊಡಿಸಿದ್ದಾರೆ.

ಮೊದಲು ಒಳ್ಳೆಯದನ್ನು ಹೇಳಿಬಿಡೋಣ. ಯುಪಿಐ ಶುರುವಾದದ್ದು 2016ರ ಏಪ್ರಿಲ್‌ನಲ್ಲಿ. ಅದೇ ವರ್ಷ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದಾಗ ಅದರ ಹೆಸರು ಎಲ್ಲರ ಕಿವಿಗೆ ಬಿತ್ತು. ಅದಕ್ಕೂ ಮೊದಲಿನ ಕಾರ್ಡ್ ಮಷೀನು ನೂರು ರೂಪಾಯಿ ಫೀ ತಗೊಳ್ಳುವ ವೈದ್ಯರಿಗೆ ಎಂದೂ ಹೊಂದಲಿಲ್ಲ. ಮಷೀನಿಗೆ ಬಾಡಿಗೆ ಕೊಟ್ಟು, ಮೇಲೆ ಪ್ರತಿ ಸಲ ಬ್ಯಾಂಕಿಗೂ ಕಡಿತ ಬಿಟ್ಟುಕೊಟ್ಟರೆ ಉಳಿಯುವುದೇನು? 2020ರ ಜನವರಿ 1ರಿಂದ ಯುಪಿಐ ಮೇಲೆ ವ್ಯಾಪಾರಿಯಿಂದ ಶುಲ್ಕ ಹಿಡಿಯುವಂತಿಲ್ಲ ಎಂದಾಯಿತು. ಸಣ್ಣ ದವಾಖಾನೆಯ ಬಾಗಿಲು ಅದಕ್ಕೆ ತೆರೆದದ್ದು ಆಗ. ಚಿಲ್ಲರೆಯ ಜಗಳ ತಪ್ಪಿತು. ಹತ್ತು ರೂಪಾಯಿ ನಾಣ್ಯ ಚಲಾವಣೆಯಲ್ಲಿದೆ ಎಂದು ರಿಸರ್ವ್ ಬ್ಯಾಂಕ್ ಎಷ್ಟು ಸಲ ಹೇಳಿದರೂ ನಂಬದೆ, ‘ಇದು ನಡಿಯೂದಿಲ್ರಿ’ ಎಂದು ತಿರುಗಿ ಕೊಡುವ ಸೀಮೆಯಲ್ಲಿ ಇದು ಸಣ್ಣ ಉಪಕಾರವಲ್ಲ.

ಗಡಿಭಾಗಕ್ಕೆ ಇನ್ನೂ ಒಂದು ಲಾಭ ಆಯಿತು. ಕೊಲ್ಲಾಪುರ, ಸಾಂಗಲಿ ಜಿಲ್ಲೆಯ ರೋಗಿಗಳು ಈ ಕಡೆ ಬರುತ್ತಾರೆ, ಇಲ್ಲಿಯವರು ಮಿರಜಿಗೆ ಹೋಗುತ್ತಾರೆ. ರೊಕ್ಕಕ್ಕೆ ಈಗ ರಾಜ್ಯದ ಗಡಿ ತಾಕುವುದಿಲ್ಲ. ಹೋಮಿಯೋಪಥಿಯಲ್ಲಂತೂ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತದೆ. ದುಡಿಯಲು ಪುಣೆಗೆ ಹೋದವನು ಫೋನಿನಲ್ಲಿ ಲಕ್ಷಣ ಹೇಳಿ, ರೊಕ್ಕ ಹಾಕಿ, ಗುಳಿಗೆಯನ್ನು ಕೊರಿಯರ್‌ನಲ್ಲಿ ತರಿಸಿಕೊಳ್ಳಬಹುದು. ಮೊದಲಾಗಿದ್ದರೆ ಅವನ ಚಿಕಿತ್ಸೆ ಅರ್ಧಕ್ಕೇ ನಿಲ್ಲುತ್ತಿತ್ತು.

ಇನ್ನು ಸೌಂಡ್‌ಬಾಕ್ಸ್. ರೊಕ್ಕ ಬಂತೆಂದು ಕೂಗಿ ಹೇಳುವ ಆ ಡಬ್ಬಿ ಹುಟ್ಟಿದ್ದು ಗಿರಾಕಿಗಳ ಗದ್ದಲದಲ್ಲಿ ಫೋನು ನೋಡಲು ಪುರುಸೊತ್ತಿಲ್ಲದ ಅಂಗಡಿಕಾರನಿಗಾಗಿ. ಸುಳ್ಳು ಸ್ಕ್ರೀನ್‌ಶಾಟ್ ತೋರಿಸಿ ಹೋಗುವವರ ಕಾಟಕ್ಕೂ ಅದೇ ಮದ್ದು. ದವಾಖಾನೆಯಲ್ಲಿ ಅದು ಮಾಡುವ ಕೆಲಸವೇ ಬೇರೆ. ಹೊರಗಿನ ಬೆಂಚಿನ ಮೇಲೆ ಏಳೆಂಟು ಜನ ಕೂತಿರುತ್ತಾರೆ. ಒಳಗಿನಿಂದ ಒಬ್ಬರು ಬಂದು ಸ್ಕ್ಯಾನ್ ಮಾಡುತ್ತಾರೆ. ಡಬ್ಬಿ ‘ಎರಡು ಸಾವಿರದ ಐನೂರು ರೂಪಾಯಿ ಸ್ವೀಕರಿಸಲಾಗಿದೆ’ ಎಂದು ಸಾರುತ್ತದೆ. ಎಲ್ಲರ ಕತ್ತೂ ಅತ್ತ ಹೊರಳುತ್ತದೆ. ನೆಗಡಿಗೆ ಅಷ್ಟು ರೊಕ್ಕ ಯಾರೂ ಕೊಡುವುದಿಲ್ಲ ಎಂಬುದು ಬೆಂಚಿನಲ್ಲಿ ಕೂತವರಿಗೆಲ್ಲ ಗೊತ್ತು. ಆಯುರ್ವೇದ, ಹೋಮಿಯೋಪಥಿ ವೈದ್ಯರ ಹತ್ತಿರ ಜನ ಬರುವುದು ಹೆಚ್ಚಾಗಿ ಎಂಥ ರೋಗಗಳಿಗೆ? ಮೂಲವ್ಯಾಧಿ, ತೊನ್ನು, ಮಕ್ಕಳಾಗದಿರುವುದು, ಬಿಳಿ ಸೆರಗು, ಗಂಡಸರು ಗೆಳೆಯರ ಮುಂದೆಯೂ ಬಾಯಿ ಬಿಡದ ತೊಂದರೆಗಳು. ದೊಡ್ಡ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಲು ನಾಚಿ ಇಲ್ಲಿಗೆ ಬಂದವರ ಗುಟ್ಟನ್ನು ವೈದ್ಯರು ಕಾಯುತ್ತಾರೆ, ಡಬ್ಬಿ ಬಯಲು ಮಾಡುತ್ತದೆ. ಧ್ವನಿ ತಗ್ಗಿಸುವ ಗುಂಡಿ ಅದರಲ್ಲೇ ಇದೆ. ಅದನ್ನು ಒತ್ತಬೇಕೆಂದು ಯಾರಿಗೂ ಹೊಳೆದಿಲ್ಲ ಎಂಬುದೇ ನನ್ನ ತಕರಾರು. ಮೆಸೇಜು ವೈದ್ಯರ ಫೋನಿಗೆ ಹೇಗೂ ಬರುತ್ತದೆ. ದಿನಕ್ಕೆ ಮೂವತ್ತು ರೋಗಿಗಳನ್ನು ನೋಡುವವರಿಗೆ ಅದನ್ನು ಓದಲು ಸಮಯವಿಲ್ಲ ಎಂದರೆ ನಂಬುವುದು ಕಷ್ಟ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಇದು ಇನ್ನೂ ಸೂಕ್ಷ್ಮ. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಯೋಜನೆ ಜಾರಿಯಾದ ಮೇಲೆ ಮನೆಯೊಡತಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಎಂದಾಯಿತು. ಖಾತೆ ಅವಳದು, ಫೋನು ಮಾತ್ರ ಬಹಳ ಮನೆಗಳಲ್ಲಿ ಮಗನದೋ ಗಂಡನದೋ. ಅವಳು ಸ್ಕ್ಯಾನ್ ಮಾಡಿಸಬೇಕಾದರೆ ಇನ್ನೊಬ್ಬರ ಕೈಯಿಂದಲೇ ಮಾಡಿಸಬೇಕು. ಎಲ್ಲಿ, ಎಷ್ಟು, ಯಾವಾಗ ಎಂಬುದೆಲ್ಲ ಆ ಫೋನಿನಲ್ಲಿ ಉಳಿಯುತ್ತದೆ. ಅದರ ಬದಲು ಊರಿನ ಬ್ಯಾಂಕ್ ಮಿತ್ರರ ಹತ್ತಿರ ಹೆಬ್ಬೆಟ್ಟು ಒತ್ತಿ ನೋಟು ಬಿಡಿಸಿಕೊಂಡು, ಸೆರಗಿಗೆ ಕಟ್ಟಿಕೊಂಡು ಬಂದರೆ ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ. ನಿಪ್ಪಾಣಿಯ ಬೀಡಿ ಕಟ್ಟುವ ಹೆಂಗಸರಿಗೆ ತಮ್ಮ ಕೈಯ ನಗದಿನ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೀಗಿರುವಾಗ ‘ನಗದು ಇಲ್ಲ, ಫೋನ್‌ಪೇ ಮಾತ್ರ’ ಎಂದು ಒಬ್ಬ ವೈದ್ಯರು ಹೇಳಿದರೆ, ತನ್ನ ರೋಗವನ್ನು ಯಾರಿಗೆ ಹೇಳಬೇಕು, ಯಾರಿಗೆ ಬಿಡಬೇಕು ಎಂಬ ಅವಳ ಹಕ್ಕನ್ನೇ ಕಸಿದುಕೊಂಡ ಹಾಗೆ.

ನಗದಿಲ್ಲದ ವ್ಯವಹಾರದ ಪರ ಮಾತಾಡುವವರು ಈ ಸೀಮೆಯ ಇನ್ನೊಂದು ಸಂಗತಿಯನ್ನೂ ಮರೆಯುತ್ತಾರೆ. ಇಲ್ಲಿ ಬಹಳ ಜನರ ಉಳಿತಾಯ ಇರುವುದು ಪತ್ತಿನ ಸಹಕಾರಿ ಸಂಘಗಳಲ್ಲಿ, ಸೌಹಾರ್ದಗಳಲ್ಲಿ. ದಿನಾ ಸಂಜೆ ಬಾಗಿಲಿಗೆ ಬರುವ ಪಿಗ್ಮಿ ಏಜೆಂಟನ ಕೈಯಲ್ಲಿ ಐವತ್ತು, ನೂರು ಕೊಟ್ಟು ಜೋಡಿಸಿದ ದುಡ್ಡು ಅದು. ಸಂಘ ಬ್ಯಾಂಕಲ್ಲ, ಅಲ್ಲಿಯ ಖಾತೆಯನ್ನು ಫೋನಿಗೆ ಜೋಡಿಸಿ ಯುಪಿಐ ಹೊಡೆಯಲು ಬರುವುದಿಲ್ಲ. ಕಬ್ಬಿನ ಬಿಲ್ಲಿನ ಕಥೆ ಬೇರೆ. ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ರೊಕ್ಕ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಉಗಾರದಿಂದ ಅಥಣಿಯವರೆಗೆ ಯಾವ ರೈತನನ್ನಾದರೂ ಕೇಳಿ, ಆ 14 ದಿನ ಎಷ್ಟು ಉದ್ದ ಇರುತ್ತವೆ ಎಂದು ಹೇಳುತ್ತಾನೆ. ಅಲ್ಲಿಯವರೆಗೆ ದವಾಖಾನೆಯಲ್ಲಿ ಉದ್ರಿ. ಹಳೆಯ ವೈದ್ಯರ ಉದ್ರಿ ವಹಿ ಒಂದು ಸಾಮಾಜಿಕ ವ್ಯವಸ್ಥೆಯೇ ಆಗಿತ್ತು: ಬಿಲ್ ಬಂದಾಗ ಕೊಡುವುದು, ಬೆಳೆ ಹೋದರೆ ವೈದ್ಯರೇ ಗೆರೆ ಹೊಡೆಯುವುದು. ಸ್ಕ್ಯಾನರಿಗೆ ಉದ್ರಿ ಗೊತ್ತಿಲ್ಲ. ಸ್ಕ್ಯಾನರ್ ಬಂದಲ್ಲಿ ವಹಿ ಮೂಲೆ ಸೇರಿದರೆ ನಷ್ಟ ಬಡ ರೋಗಿಗೆ.

ಪದವಿ ಇಲ್ಲದ ನಾಟಿ ವೈದ್ಯರ ಮಾತು ಪೂರ್ತಿ ಬೇರೆ. ಕಾಮಣಿಗೆ ಔಷಧ ಕೊಡುವವರು, ಎಲುಬು ಕಟ್ಟುವವರು, ಹಾವಿನ ಕಡಿತಕ್ಕೆ ಬೇರು ಅರೆಯುವವರು (ಹಾವು ಕಡಿದವರನ್ನು ಮಾತ್ರ ದಯವಿಟ್ಟು ಸೀದಾ ತಾಲ್ಲೂಕು ಆಸ್ಪತ್ರೆಗೆ ಒಯ್ಯಿರಿ) ಬಹಳ ಕಡೆ ಬಾಯಿಬಿಟ್ಟು ರೊಕ್ಕ ಕೇಳುವುದಿಲ್ಲ. ತೆಂಗಿನಕಾಯಿ, ಎಲೆ ಅಡಿಕೆ, ಮಡಿಸಿದ ಒಂದು ನೋಟು. ನೋಟು ಹತ್ತರದೋ ಐನೂರರದೋ ಎಂದು ಕೊಟ್ಟವನ ಮನಸ್ಸಿಗೆ ಬಿಟ್ಟದ್ದು. ಕೇಳಿ ತಗೊಂಡರೆ ಮದ್ದಿನ ಗುಣ ಹೋಗುತ್ತದೆ ಎಂಬ ನಂಬಿಕೆ ಈ ಪದ್ಧತಿಗೆ ಕಟ್ಟಿದ ಬೇಲಿ. ದೇವರ ಫೋಟೋದ ಪಕ್ಕದಲ್ಲಿ ಸ್ಕ್ಯಾನರ್ ಅಂಟಿಸಿದ ದಿನ ಆ ಬೇಲಿ ಮುರಿಯುತ್ತದೆ. ಮೊತ್ತ ಪರದೆಯ ಮೇಲೆ ಮೂಡುತ್ತದೆ, ಹಿಂದಿನವನು ಎಷ್ಟು ಕೊಟ್ಟ ಎಂದು ಮುಂದಿನವನಿಗೆ ಕೇಳಿಸುತ್ತದೆ, ನಿಧಾನಕ್ಕೆ ಕಾಣಿಕೆ ಒಂದು ದರಕ್ಕೆ ಬಂದು ನಿಲ್ಲುತ್ತದೆ. ಕಾನೂನಿನ ಒಂದು ಮುಳ್ಳೂ ಇದೆ. ವೈದ್ಯರು ರೊಕ್ಕ ತಗೊಂಡು ಕೊಡುವ ಸೇವೆ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ವಿ.ಪಿ. ಶಾಂತಾ ಪ್ರಕರಣದಲ್ಲಿ ಹೇಳಿದೆ. ಎಲ್ಲರಿಗೂ ಪುಕ್ಕಟೆ ಕೊಡುವ ಸೇವೆ ಅದರ ಹೊರಗೆ. ಕಾಣಿಕೆಯು ತಾರೀಖು, ಮೊತ್ತದ ಸಮೇತ ಬ್ಯಾಂಕಿನ ದಾಖಲೆಗೆ ಇಳಿದ ಮೇಲೆ ‘ನಾನು ಪುಕ್ಕಟೆ ಕೊಡುತ್ತೇನೆ’ ಎನ್ನುವ ಮಾತು ಎಷ್ಟು ದಿನ ನಿಲ್ಲುತ್ತದೆ?

ರೋಗಿಯ ಕಡೆಯಿಂದ ನೋಡಿದರೆ ಇದೇ ಮುಳ್ಳು ವರವೂ ಹೌದು, ಮತ್ತು ಈ ಇಡೀ ಸ್ಕ್ಯಾನರ್ ಪದ್ಧತಿಯಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದೇ. ಸಣ್ಣ ದವಾಖಾನೆಗಳಲ್ಲಿ ಬಿಲ್ ಎಂಬುದೇ ಇರುವುದಿಲ್ಲ. ಕಾಗದದ ಪೊಟ್ಟಣದಲ್ಲಿ ಚೂರ್ಣ, ಹೆಸರಿಲ್ಲದ ಶೀಶೆಯಲ್ಲಿ ಗುಳಿಗೆ. ಔಷಧದ ಹೆಸರು ಕೇಳಿದರೆ ‘ನಮ್ಮ ಮೇಲೆ ಭರವಸೆ ಇಲ್ಲೇನ್ರಿ?’ ಎಂಬ ಉತ್ತರ. ಏನಾದರೂ ಹೆಚ್ಚು ಕಡಿಮೆ ಆದರೆ, ಆ ದಿನ ಅಲ್ಲಿಗೆ ಹೋಗಿದ್ದೆ ಎಂದು ತೋರಿಸಲು ರೋಗಿಯ ಹತ್ತಿರ ಒಂದು ಚೂರು ಕಾಗದವೂ ಇರುತ್ತಿರಲಿಲ್ಲ. ಹೋಮಿಯೋಪಥಿ ವೈದ್ಯರೊಬ್ಬರು ಅಲೋಪಥಿ ಔಷಧ ಕೊಟ್ಟದ್ದೇ ನಿರ್ಲಕ್ಷ್ಯ ಎಂದು 1996ರಲ್ಲಿ ಪೂನಂ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅಂಥ ತೀರ್ಪಿನ ಲಾಭ ಸಿಗಬೇಕಾದರೂ ಮೊದಲು ಚಿಕಿತ್ಸೆ ನಡೆದದ್ದನ್ನು ತೋರಿಸಬೇಕಲ್ಲ? ಈಗ ಫೋನಿನಲ್ಲಿ ತಾರೀಖು, ಸಮಯ, ಮೊತ್ತ ಇದೆ. 2025ರ ಜೂನ್ 30ರಿಂದ ರೊಕ್ಕ ಪಡೆಯುವವರ ಹೆಸರು ಬ್ಯಾಂಕಿನ ದಾಖಲೆಯಲ್ಲಿ ಇದ್ದಂತೆಯೇ ಪರದೆಯಲ್ಲಿ ಕಾಣಬೇಕು ಎಂಬ ನಿಯಮವೂ ಬಂದಿದೆ. ಬೋರ್ಡಿನ ಮೇಲೆ ವೈದ್ಯರ ಹೆಸರಿದ್ದು ಪರದೆಯ ಮೇಲೆ ಅವರ ಭಾವಮೈದನ ಹೆಸರು ಬಂದರೆ ರೋಗಿ ಅಷ್ಟರ ಮಟ್ಟಿಗೆ ಎಚ್ಚರಗೊಳ್ಳುತ್ತಾನೆ.

ಆದರೆ ಇದು ಅರ್ಧ ದಾಖಲೆ. ರೊಕ್ಕದ ಲೆಕ್ಕ ಬ್ಯಾಂಕಿಗೆ, ಕಂಪನಿಗೆ, ಸರಕಾರಕ್ಕೆ ಪೈಸೆ ಬಿಡದೆ ಸಿಗುತ್ತದೆ. ಆ ರೊಕ್ಕ ಯಾವ ಔಷಧಕ್ಕೆ ಎಂಬ ಲೆಕ್ಕ ರೋಗಿಗೆ ಇನ್ನೂ ಸಿಗುವುದಿಲ್ಲ. ಮುನ್ನೂರು ರೂಪಾಯಿಯಲ್ಲಿ ತಪಾಸಣೆಗೆ ಎಷ್ಟು, ಔಷಧಕ್ಕೆ ಎಷ್ಟು? ಇಷ್ಟು ಹೊಸ ಯಂತ್ರ ಇಟ್ಟುಕೊಂಡ ದವಾಖಾನೆ ಇಪ್ಪತ್ತು ರೂಪಾಯಿಯ ಬಿಲ್ ಪುಸ್ತಕ ಇಟ್ಟುಕೊಳ್ಳುವುದಿಲ್ಲ ಎಂಬುದನ್ನು ಬಡತನ ಎನ್ನಲು ಬರುವುದಿಲ್ಲ.

ಆ ವಿಂಗಡಣೆ ವೈದ್ಯರಿಗೂ ಬೇಕು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಾಗ ಬೆಂಗಳೂರಿನ ಅಂಗಡಿಗಳಲ್ಲಿ ಸ್ಕ್ಯಾನರ್ ಕಿತ್ತು ಹಾಕಿದರು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿಯ ನೋಟಿಸು ಬಂದದ್ದು ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳನ್ನು ಕರೆದು ಮಾತಾಡಿದ ಮೇಲೆ ಗದ್ದಲ ತಣ್ಣಗಾಯಿತು. ವೈದ್ಯರು ಇದರಿಂದ ಕಲಿಯಬೇಕಾದದ್ದು ಭಯವನ್ನಲ್ಲ, ಲೆಕ್ಕವನ್ನು. ನೋಂದಾಯಿತ ಆಯುರ್ವೇದ, ಹೋಮಿಯೋಪಥಿ, ಯುನಾನಿ ವೈದ್ಯರ ಚಿಕಿತ್ಸಾ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ. ಔಷಧಕ್ಕೆ ಬೇರೆ ಬೆಲೆ ಹಾಕಿ ಮಾರಿದರೆ ಅದಕ್ಕೆ ಇಲ್ಲ. ಹಲವು ಆಯುರ್ವೇದ ಔಷಧಗಳ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ 5ಕ್ಕೆ ಇಳಿದಿದೆ, ಅಷ್ಟೇ. ಸೇವೆ, ಮಾರಾಟ ಎರಡೂ ಇದ್ದವರಿಗೆ ಎರಡೂ ಕೂಡಿಸಿ ವರ್ಷಕ್ಕೆ 20 ಲಕ್ಷ ದಾಟಿದರೆ ನೋಂದಣಿ ಆಗಬೇಕು. ವರ್ಷಕ್ಕೆ 300 ದಿನ ದವಾಖಾನೆ ತೆರೆದರೆ ದಿನಕ್ಕೆ ಸುಮಾರು 6,700 ರೂಪಾಯಿ; ತಲೆಗೆ 150ರಂತೆ ನಲವತ್ತೈದು ರೋಗಿಗಳು. ಹೆಸರಾದ ವೈದ್ಯರಿಗೆ ಇದು ದೂರದ ಮಾತಲ್ಲ.

ಇದರ ಮೇಲೆ, ಹೆಚ್ಚಿನವರ ಸ್ಕ್ಯಾನರ್ ಜೋಡಿಸಿರುವುದು ಮನೆಯ ಉಳಿತಾಯ ಖಾತೆಗೆ. ತಮ್ಮನಿಂದ ಬಂದ ಸಾಲ, ಆಕಳು ಮಾರಿದ ರೊಕ್ಕ, ರೋಗಿಯ ಫೀ ಎಲ್ಲ ಒಂದೇ ಕಡೆ. ನೋಟಿಸು ಬಂದ ದಿನ ಯಾವುದು ಯಾವುದೆಂದು ಬೇರ್ಪಡಿಸುವವರಾರು? ಸೈಬರ್ ವಂಚನೆಯ ರೊಕ್ಕ ಯಾರದೋ ಕೈದಾಟಿ ಒಬ್ಬ ರೋಗಿಯ ಮೂಲಕ ಖಾತೆಗೆ ಬಂದುಬಿಟ್ಟರೆ ದೂರದ ರಾಜ್ಯದ ಪೊಲೀಸರು ಖಾತೆಯನ್ನೇ ತಡೆಹಿಡಿಸಬಹುದು. ಆಗ ದವಾಖಾನೆಯ ಜತೆ ಮನೆಯ ಸಂತೆಯೂ ನಿಲ್ಲುತ್ತದೆ. 2024ರ ಮಾರ್ಚ್ 15ರ ನಂತರ ಪೇಟಿಎಂ ಪೇಮೆಂಟ್ಸ್ ಬ್ಯಾಂಕಿನ ಖಾತೆಗಳಿಗೆ ಹೊಸದಾಗಿ ರೊಕ್ಕ ಬರುವುದು ನಿಂತಾಗ, 2025ರ ಏಪ್ರಿಲ್ 12ರಂದು ದೇಶದಾದ್ಯಂತ ಯುಪಿಐ ಕೆಟ್ಟು ಕೂತಾಗ, ಗಲ್ಲಾಪೆಟ್ಟಿಗೆ ಇಟ್ಟುಕೊಂಡ ವೈದ್ಯರ ಕೆಲಸ ನಿಲ್ಲಲಿಲ್ಲ.

ಸ್ಕ್ಯಾನರ್ ಇರಲಿ ಎಂಬುದೇ ನನ್ನ ತೀರ್ಮಾನ. ಅದಕ್ಕೆ ಬೇರೆ ಖಾತೆ ಇರಲಿ, ಡಬ್ಬಿಯ ಬಾಯಿ ಮುಚ್ಚಿರಲಿ, ಉದ್ರಿ ವಹಿಯೂ ಗಲ್ಲಾಪೆಟ್ಟಿಗೆಯೂ ಮೇಜಿನ ಮೇಲೆಯೇ ಇರಲಿ. ಅದಕ್ಕಿಂತ ಮೊದಲು ಬರೆಯಬೇಕಾದ ಬೋರ್ಡು ಒಂದಿದೆ. ಖಾಸಗಿ ದವಾಖಾನೆಗಳು, ಆಯುಷ್ ಪದ್ಧತಿಯವೂ ಸೇರಿ, ತಮ್ಮ ದರಪಟ್ಟಿಯನ್ನು ರೋಗಿಗೆ ಕಾಣುವಂತೆ ಹಾಕಬೇಕೆಂದು ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆ ಹೇಳುತ್ತದೆ. ಸಣ್ಣ ದವಾಖಾನೆಯಲ್ಲಿ ಸ್ಕ್ಯಾನರ್ ಹಾಕಲೇಬೇಕೆಂದು ಯಾವ ಕಾಯ್ದೆಯೂ ಹೇಳಿಲ್ಲ.