ರಾಜದಂಡವೂ ದೈವನ್ಯಾಯವೂ: ಮಿತಾಕ್ಷರೆಯ ಎರಡು ಸ್ಥಳಗಳು

ಪಾಪವೇ ಬೇರೆ, ಅಪರಾಧವೇ ಬೇರೆ ಎಂಬ ವಿವೇಕವು ಹದಿನೆಂಟನೆಯ ಶತಮಾನದ ಯೂರೋಪಿನಲ್ಲಿ ಮೂಡಿತೆಂದೂ, ನಮ್ಮ ಧರ್ಮಶಾಸ್ತ್ರಗಳಲ್ಲಿ ಅವೆರಡೂ ಕಡೆಯವರೆಗೆ ಬೆರೆತೇ ಉಳಿದವೆಂದೂ ಹೇಳುವುದು ವಾಡಿಕೆಯಾಗಿದೆ. ಈ ಮಾತಿನ ಪೂರ್ವಾರ್ಧಕ್ಕೆ ಆಧಾರವಾದುದು ಇಟಲಿಯ ಬೆಕ್ಕಾರಿಯನು ಅಪರಾಧ ಮತ್ತು ದಂಡನೆಗಳನ್ನು ಕುರಿತು 1764ರಲ್ಲಿ ಪ್ರಕಟಿಸಿದ ಕಿರುಹೊತ್ತಗೆ. ಪಾಪದ ಗುರುತ್ವವು ಅಂತರಂಗದ ದೋಷವನ್ನು ಅವಲಂಬಿಸಿದೆ. ಅದನ್ನು ದೇವರಲ್ಲದೆ ಅನ್ಯರು ಅರಿಯಲಾರರು. ಆದಕಾರಣ ಮನುಷ್ಯರ ನ್ಯಾಯಾಸ್ಥಾನವು ಅಳೆಯಬೇಕಾದುದು ಸಮಾಜಕ್ಕೊದಗಿದ ಹಾನಿಯನ್ನು ಮಾತ್ರ ಎಂಬುದು ಅವನ ವಾದದ ತಿರುಳು. ರೋಮಿನ ಧರ್ಮಪೀಠವು 1766ರಲ್ಲಿ ಈ ಗ್ರಂಥವನ್ನು ನಿಷಿದ್ಧಪುಸ್ತಕಗಳ ಪಟ್ಟಿಗೆ ಸೇರಿಸಿತು.

ಉತ್ತರಾರ್ಧಕ್ಕೆ ಸಾಮಾನ್ಯವಾಗಿ ಮನುಸ್ಮೃತಿಯ ಎಂಟನೆಯ ಅಧ್ಯಾಯವನ್ನು ಮುಂದಿಡುತ್ತಾರೆ. ಅಲ್ಲಿ ಕಳ್ಳನು ತಲೆಗೂದಲನ್ನು ಕೆದರಿಕೊಂಡು, ಒನಕೆಯನ್ನು ಹೆಗಲಮೇಲಿಟ್ಟುಕೊಂಡು, ತನ್ನ ಕಳವನ್ನು ತಾನೇ ಹೇಳಿಕೊಳ್ಳುತ್ತ ಅರಸನ ಬಳಿಗೆ ಬರುತ್ತಾನೆ. ಅರಸನು ಹೊಡೆದರೂ ಬಿಟ್ಟರೂ ಅವನು ದೋಷಮುಕ್ತ; ದಂಡಿಸದ ಅರಸನಿಗೆ ಮಾತ್ರ ಆ ಪಾಪ ತಗಲುತ್ತದೆ. ರಾಜದಂಡಕ್ಕೆ ಒಳಗಾದವರು ಪುಣ್ಯವಂತರಂತೆಯೇ ಶುದ್ಧರಾಗಿ ಸ್ವರ್ಗವನ್ನು ಸೇರುವರೆಂಬ ವಚನವೂ ಅಲ್ಲಿಯೇ ಇದೆ. ದಂಡನೆಯು ಹಗೆತನವಲ್ಲ, ಶುದ್ಧಿ ಎಂದು ಹಲವರು ಇದನ್ನು ಕೊಂಡಾಡಿದ್ದಾರೆ. ‘ಗಾರ್ಗಿಯಸ್’ ಸಂವಾದದಲ್ಲಿ ದಂಡನೆಯನ್ನು ಆತ್ಮದ ಚಿಕಿತ್ಸೆಯೆಂದು ಕಂಡ ಪ್ಲೇಟೋವಿನ ಹೆಸರನ್ನೂ ಇದರೊಡನೆ ಜೋಡಿಸುವುದುಂಟು.

ಈ ಹೊಗಳಿಕೆಯನ್ನು ನಾವು ಒಪ್ಪಲಾರೆವು. ಮನುವಿನ ಕಳ್ಳನು ತಾನಾಗಿಯೇ ಬಂದವನು. ಆಸ್ಥಾನಕ್ಕೆ ಎಳೆತಂದವರಲ್ಲಿ ಅಂಥವರು ಎಷ್ಟು ಮಂದಿ? ಔಷಧವು ರೋಗಿಗೆ ಹಿತ. ರೋಗವಿಲ್ಲದವನಿಗೆ ಅದನ್ನು ಬಲವಂತದಿಂದ ಕುಡಿಸಿದರೆ ಆಗುವುದು ಬಾಧೆಯೇ. ನಿರಪರಾಧಿಗೆ ಆದ ನಷ್ಟವನ್ನು ದೈವವೇ ಪರಲೋಕದಲ್ಲಿ ತುಂಬಿಕೊಡುವುದೆಂದು ಸಮಾಧಾನ ಹೇಳಿದರೆ, ತೀರ್ಪು ಕೊಡುವವನ ಹೊಣೆ ಆ ಮಟ್ಟಿಗೆ ಇಳಿದುಹೋಗುತ್ತದೆ. ಶುದ್ಧಿವಾದದಲ್ಲಿ ತಪ್ಪುತೀರ್ಪಿಗೆ ತೂಕವೇ ಇಲ್ಲ.

ಧರ್ಮಶಾಸ್ತ್ರವು ಇಷ್ಟಕ್ಕೇ ನಿಲ್ಲಲಿಲ್ಲವೆಂಬುದನ್ನು ತೋರಿಸಲು ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದ ಕೊನೆಯ ಭಾಗವನ್ನು ನೋಡಬೇಕು. ತಪ್ಪಾಗಿ ತೀರ್ಮಾನವಾದ ವ್ಯಾಜ್ಯವನ್ನು ಅರಸನು ಪುನಃ ವಿಚಾರಿಸಿ, ಗೆದ್ದವನನ್ನೂ ಸಭ್ಯರನ್ನೂ ಎರಡರಷ್ಟು ದಂಡಕ್ಕೆ ಗುರಿಪಡಿಸಬೇಕು. ಅರಸನೇ ಅನ್ಯಾಯವಾಗಿ ದಂಡವನ್ನು ವಸೂಲು ಮಾಡಿದ್ದರೆ, ಅದರ ಮೂವತ್ತರಷ್ಟನ್ನು ವರುಣನಿಗೆ ನಿವೇದಿಸಿ ಬ್ರಾಹ್ಮಣರಿಗೆ ಕೊಡಬೇಕು. ವರುಣನು ಅರಸರಿಗೂ ದಂಡಧರನೆಂದು ಮನುವೂ ಹೇಳಿದ್ದಾನೆ. ಇಲ್ಲಿ ದೈವನ್ಯಾಯವು ಅರಸನ ಕೈಯನ್ನು ಬಲಪಡಿಸಲು ಬಂದುದಲ್ಲ, ಹಿಡಿಯಲು ಬಂದುದು. ಆದರೆ ಮೂಲಶ್ಲೋಕದಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ: ದೇವರಿಗೆ ಸಂದಿತು, ಬ್ರಾಹ್ಮಣರಿಗೆ ಸಂದಿತು, ಹಣ ಕಳೆದುಕೊಂಡವನಿಗೆ ಏನು ಸಂದಿತು?

ಈ ಕೊರತೆಯನ್ನು ತುಂಬಿದವನು ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ. ಅನ್ಯಾಯವಾಗಿ ಎಷ್ಟನ್ನು ಕಿತ್ತುಕೊಂಡಿದೆಯೋ ಅಷ್ಟನ್ನೂ ಆ ಮನುಷ್ಯನಿಗೇ ಹಿಂದಿರುಗಿಸಬೇಕು, ಇಲ್ಲವಾದರೆ ಅರಸನಿಗೆ ಅಪಹಾರದೋಷ ತಪ್ಪದು ಎಂದು ಮಿತಾಕ್ಷರೆ ಸೇರಿಸುತ್ತದೆ. ಅದು ಕೊಡುವ ಮತ್ತೊಂದು ಕಾರಣ ಇನ್ನೂ ಗಮನಾರ್ಹ: ಅಂಥ ದಂಡದಿಂದ ಮೊದಲಿನ ಒಡೆಯನ ಸ್ವತ್ವವು ಕಡಿದುಹೋಗುವುದೇ ಇಲ್ಲ. ಸ್ವತ್ವವು ಲೌಕಿಕವಾದುದು, ಶಾಸ್ತ್ರದಿಂದ ಹುಟ್ಟುವುದಲ್ಲ ಎಂದು ದಾಯವಿಭಾಗದಲ್ಲಿ ವಾದಿಸಿದ ಕೈಯೇ ಇದು. ದಾಯವಿಭಾಗಕ್ಕಾಗಿ ಮಾತ್ರ ಮಿತಾಕ್ಷರೆಯನ್ನು ಓದುವ ನಮ್ಮ ಕಾಲೇಜುಗಳ ರೂಢಿಯಿಂದ ಈ ಸಾಲುಗಳು ಕಣ್ಣಿಗೆ ಬೀಳದೆ ಹೋಗಿವೆ. ಅರಸನು ವರುಣನೊಡನೆ ತನ್ನ ಲೆಕ್ಕವನ್ನು ತೀರಿಸಿಕೊಂಡರೂ ಪ್ರಜೆಯ ಲೆಕ್ಕ ಬಾಕಿಯೇ ಉಳಿದಿದೆ ಎಂಬುದು ಇದರ ತಾತ್ಪರ್ಯ.

ಇನ್ನೊಂದು ಸ್ಥಳವು ಪ್ರಾಯಶ್ಚಿತ್ತಾಧ್ಯಾಯದಲ್ಲಿದೆ. ಪಾಪಕ್ಕೆ ನರಕವನ್ನುಂಟುಮಾಡುವ ಶಕ್ತಿಯೊಂದು, ಜನರೊಡನೆ ವ್ಯವಹಾರವನ್ನು ತಡೆಯುವ ಶಕ್ತಿಯೊಂದು ಎಂದು ವಿಜ್ಞಾನೇಶ್ವರನು ಎರಡನ್ನು ಬಿಡಿಸಿ ಹೇಳುತ್ತಾನೆ. ಬುದ್ಧಿಪೂರ್ವಕವಾದ ಮಹಾಪಾಪಗಳಲ್ಲಿ ಪ್ರಾಯಶ್ಚಿತ್ತದಿಂದ ಮೊದಲನೆಯದು ನಾಶವಾಗದಿದ್ದರೂ ಎರಡನೆಯದು ತೊಲಗಬಹುದು. ಎಂದರೆ, ದೈವವು ಇನ್ನೂ ಕ್ಷಮಿಸದವನನ್ನು ಸಮಾಜವು ಮರಳಿ ಸೇರಿಸಿಕೊಳ್ಳಬಹುದು.

ಇಷ್ಟರಿಂದ ವಿಜ್ಞಾನೇಶ್ವರನನ್ನು ಬೆಕ್ಕಾರಿಯನ ಪೂರ್ವಜನೆಂದು ಸಾರುವುದು ಅಭಿಮಾನದ ಮಾತಾದೀತು. ಬೆಕ್ಕಾರಿಯನದು ಮನುಷ್ಯಬುದ್ಧಿಯ ಮಿತಿಯನ್ನು ಹಿಡಿದು ಹೊರಟ ವಾದ. ಇವನದು ಪ್ರಧಾನವಾಗಿ ವಚನಗಳ ವಿರೋಧವನ್ನು ಪರಿಹರಿಸುವ ಮೀಮಾಂಸೆ. ಕುಲೀನನಿಗೂ ಬಡವನಿಗೂ ಒಂದೇ ದಂಡವಿರಬೇಕೆಂದು ಬೆಕ್ಕಾರಿಯನು ಕೇಳಿದನು. ವರ್ಣಕ್ಕೊಂದರಂತೆ ದಂಡವನ್ನು ಏರಿಳಿಸುವ ಸ್ಮೃತಿಕ್ರಮವನ್ನು ಮಿತಾಕ್ಷರೆ ಕೈಬಿಡಲಿಲ್ಲ. ಮೇಲಾಗಿ ಹಿಂದಿರುಗಿಸುವ ನಿಯಮವು ಧನದಂಡಕ್ಕೆ ಮಾತ್ರ ಸಲ್ಲತಕ್ಕುದು. ಕಳ್ಳನಿಗೆ ಕೈ ಕಡಿಸುವ ಶಿಕ್ಷೆಯೂ ಅದೇ ಅಧ್ಯಾಯದಲ್ಲಿದೆ. ತಪ್ಪಾಗಿ ಕಡಿದ ಕೈಯ ಮೇಲೆ ಒಡೆಯನ ಸ್ವತ್ವವು ಉಳಿದಿದ್ದರೂ ಅದನ್ನು ಅರಸನು ಹಿಂದಿರುಗಿಸುವಂತಿಲ್ಲ.